ಎಮ್ಮೆ ಮೆಚ್ಚಿದ ಕುಸುಬೆ

ನಮ್ಮ ಅತ್ಯಾ, ಅಂದರೆ ಅಪ್ಪನ ಅಕ್ಕ, ಮಾಡಿಸಿದಷ್ಟು ಮದುವೆಗಳನ್ನು ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ತಾಲೂಕಿನ ಭಟ್ಟರು ಒಟ್ಟುಗೂಡಿದರೂ ಮಾಡಿಸಿರಲಿಕ್ಕಿಲ್ಲ. ಗಂಡು ಯಾವುದು, ಹೆಣ್ಣು ಯಾವುದು, ಮುಹೂರ್ತ ಎಷ್ಟು ಹೊತ್ತಿಗೆ, ಹುಟ್ಟುವ ಮಕ್ಕಳು ಹೇಗಿರಬೇಕು ಎಲ್ಲವನ್ನೂ ಅವಳೇ ನಿರ್ಧರಿಸುತ್ತಿದ್ದಳು. ವಧೂವರರು ಒಮ್ಮೆಯೂ ಎದುರಾಡಿದ್ದಿಲ್ಲ. ಹೇಗೆ ಎದುರಾಡಿಯಾವು? ಅವೆಲ್ಲ ಕುಸುಬೆ ಗಿಡಗಳು!

ಮನುಷ್ಯರ ಮದುವೆಯ ಮಾತು ಬೇರೆ. ಅಂಥ ಒಂದೇ ಒಂದು ಮದುವೆಯಲ್ಲೂ ಅವಳು ಊಟದ ತನಕ ಕೂತದ್ದಿಲ್ಲ. ತಪ್ಪು ಅವಳದಲ್ಲವಂತೆ, ಪಂಚಾಂಗದ್ದಂತೆ. ಕುಸುಬೆ ಹಿಂಗಾರಿ ಬೆಳೆ. ಎರೆಹೊಲದಲ್ಲಿ ಜೋಳದ ಜೊತೆ ಬಿತ್ತಿದರೆ ಸಂಕ್ರಾಂತಿಯ ಆಚೀಚೆ ಹಳದಿ ಹೂವು ಬಿಡಲು ಶುರು. ನಮ್ಮ ಮಂದಿಯ ಲಗ್ನಗಳು ಶುರುವಾಗುವುದೂ ಆಗಲೇ. ಹೂವು ತಾನಾಗಿ ಪರಾಗ ಉದುರಿಸಿಕೊಳ್ಳುವ ಮೊದಲೇ ಚಿಮಟದಿಂದ ಅದರ ಗಂಡುಭಾಗವನ್ನು ಕಿತ್ತು, ಕಾಗದದ ಚೀಲ ತೊಡಿಸಿ, ಮರುದಿನ ಬೆಳಿಗ್ಗೆ ತನಗೆ ಬೇಕಾದ ಗಿಡದ ಪರಾಗ ತಂದು ಸವರಬೇಕು. ಅಣ್ಣತಮ್ಮಂದಿರ ಮದುವೆಗೆ ಕಾಯಲು ಹೇಳಬಹುದು, ಹೂವಿಗೆ ಹೇಳಲಾದೀತೇ? ನನ್ನ ಅಪ್ಪನ ಲಗ್ನದಲ್ಲಿ ಮಂಗಳಾಷ್ಟಕ ನಡೆದಿರುವಾಗಲೇ ಗಡಿಯಾರ ನೋಡಿಕೊಂಡು, ಕೈಯಲ್ಲಿದ್ದ ಅಕ್ಷತೆಯನ್ನು ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತರ ಕೈಗೆ ಸುರಿದು, ನನ್ನ ಪಾಲಿನದನ್ನು ನೀವೇ ಹಾಕಿಬಿಡಿ ಎಂದು ಹೇಳಿ ಬಸ್ಸು ಹತ್ತಿದವಳು ಅವಳು. ನನ್ನ ಮದುವೆಯಲ್ಲಿ ತಾಳಿ ಕಟ್ಟುವವರೆಗೆ ನಿಂತಿದ್ದಳು. ಫೋಟೋದಲ್ಲಿ ಉಳಿದ ಹೆಂಗಸರ ತುರುಬಿನಲ್ಲಿ ಮಲ್ಲಿಗೆ ದಂಡೆ ಕಾಣುತ್ತದೆ, ಅತ್ಯಾನ ತುರುಬಿನಲ್ಲಿ ಒಂದು ಸ್ಟೀಲಿನ ಚಿಮಟ ಮಿಂಚುತ್ತಿದೆ. ನನ್ನ ಗಂಡನ ಮನೆಯವರು ಅದನ್ನು ಯಾವುದೋ ಹಳೆಯ ಕಾಲದ ಒಡವೆ ಎಂದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಈ ಭಾಗದಲ್ಲಿ ಗಿಡಗಳ ತಳಿಶಾಸ್ತ್ರ ಓದಿ, ಸೀರೆ ಎತ್ತಿ ಕಟ್ಟಿ ಹೊಲಕ್ಕಿಳಿದ ಮೊದಲ ಹೆಣ್ಣುಮಗಳು ನಮ್ಮ ಅತ್ಯಾ. ಹೀಗೆಂದು ಈಗ ನಾವು ಎಲ್ಲರ ಮುಂದೆ ಹೇಳಿಕೊಳ್ಳುತ್ತೇವೆ. ಆಗ ಹೇಳಿಕೊಳ್ಳುತ್ತಿರಲಿಲ್ಲ. ಆಗ, "ಆಕಿ ಏನೋ ಸರಕಾರಿ ಕೆಲಸಾ ಮಾಡ್ತಾಳ" ಎಂದಷ್ಟೇ ಹೇಳಿ ಮಾತು ಹೊರಳಿಸುತ್ತಿದ್ದರು. ಮನೋಳಿಯಲ್ಲಿ ಪುರಾಣ ಹೇಳಿಕೊಂಡಿದ್ದ ಮನೆತನದ ಹುಡುಗಿ ಬಿಸಿಲಲ್ಲಿ ಟೊಪ್ಪಿಗೆ ಹಾಕಿಕೊಂಡು ಹೊಲದಲ್ಲಿ ನಿಲ್ಲುವುದೆಂದರೆ? ಅವಳ ಮೈ ಕಪ್ಪಾದೀತು ಎಂಬ ಚಿಂತೆ ನೆಂಟರಿಷ್ಟರಿಗೆಲ್ಲ ಇತ್ತು, ಅವಳೊಬ್ಬಳನ್ನು ಬಿಟ್ಟು.

ಅವಳಿಗೂ ಒಮ್ಮೆ ಹೆಣ್ಣು ನೋಡುವ ಶಾಸ್ತ್ರ ಆಗಿತ್ತು. ರಾಮದುರ್ಗದ ಕಡೆಯವರು. ಹುಡುಗನ ತಂದೆ ಗೋತ್ರ ಕೇಳಿದರು, ಅಜ್ಜ ಹೇಳಿದರು. ಬೇರೆ ಬೇರೆ ಗೋತ್ರ, ಎಲ್ಲ ಸರಿಯಾಗಿದೆ ಎಂದು ಎರಡೂ ಕಡೆಯವರು ತಲೆಯಾಡಿಸುವ ಹೊತ್ತಿಗೆ ಅತ್ಯಾ ಅವಲಕ್ಕಿ ತಟ್ಟೆ ಹಿಡಿದುಕೊಂಡು ಬಂದಳು. ತಲೆ ತಗ್ಗಿಸಿ ತಟ್ಟೆ ಇಟ್ಟು ಹೋಗಬೇಕಾಗಿದ್ದವಳು ನಡುಮನೆಯಲ್ಲಿ ನಿಂತುಬಿಟ್ಟಳು.

"ಅಪ್ಪಾ, ಗೋತ್ರ ಅನ್ನೂದು ಛೊಲೊ ವಿಚಾರನ ಅದ. ಆದ್ರ ಅರ್ಧಾ ಕೆಲಸಾ ಮಾಡಿ ಬಿಟ್ಟಾರ. ಬರೇ ತಂದಿ ಕಡಿಂದು ಹಿಡಕೊಂಡು ಹೋಗ್ಯಾರ. ತಾಯಿ ಕಡಿಂದ ಬಂದದ್ದು ಎಲ್ಲಿ ಹೋತು?"

ನಮ್ಮಜ್ಜನ ಜಾಗದಲ್ಲಿ ಬೇರೆ ಯಾರಿದ್ದರೂ ಮಗಳನ್ನು ಗದರಿಸಿ ಒಳಗೆ ಕಳಿಸುತ್ತಿದ್ದರು. ಆದರೆ ಅವರು ಪುರಾಣಿಕರು. ವಾದ ಎದುರಿಗೆ ಬಂದು ನಿಂತರೆ ಬಿಟ್ಟವರಲ್ಲ. ತಂದೆಯ ಕಡೆ ಏಳು ತಲೆ, ತಾಯಿಯ ಕಡೆ ಐದು ತಲೆ ಬಿಡಬೇಕೆಂದು ಶಾಸ್ತ್ರದಲ್ಲೇ ಇದೆಯಲ್ಲ ಎಂದು ಕೈಯೆತ್ತಿ ಹೇಳಿದರು. ಅತ್ಯಾ ತಟ್ಟೆಯನ್ನು ಕಿಟಕಿಯಲ್ಲಿಟ್ಟು ಎದುರಿಗೆ ಕೂತಳು.

"ಏಳ್ಯಾಕ? ಐದ್ಯಾಕ? ಯಾರರೆ ಬಿತ್ತಿ ನೋಡ್ಯಾರೇನು?"

ಅಲ್ಲಿಂದ ಶುರುವಾದದ್ದು ದೀಪ ಹಚ್ಚುವ ಹೊತ್ತಿನವರೆಗೆ ನಡೆಯಿತಂತೆ. ಅಜ್ಜ ಸ್ಮೃತಿಗಳನ್ನು ಒಂದೊಂದಾಗಿ ಇಳಿಸಿದರು, ಅತ್ಯಾ ಬಟಾಣಿಯಿಂದ ಕುಸುಬೆಯವರೆಗೆ ಸಾಕ್ಷಿ ತಂದಳು. ನಡುವೆ ಒಮ್ಮೆ ಅಜ್ಜ ತಲೆಯೆತ್ತಿ, ಬಂದವರ ಅಭಿಪ್ರಾಯ ಏನು ಎಂದು ಕೇಳಿದಾಗ ಬಂದವರು ಇರಲಿಲ್ಲ. ರಾಮದುರ್ಗದ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಅವಲಕ್ಕಿಯನ್ನು ಅಪ್ಪ ಮಗಳು ಇಬ್ಬರೇ ತಿಂದರು. ಆ ಹುಡುಗ ಅದೇ ವರ್ಷ ತನ್ನ ಸೋದರಮಾವನ ಮಗಳನ್ನೇ ಮದುವೆಯಾದ. ಅತ್ಯಾ ಈಗಲೂ ರಾಮದುರ್ಗದವರು ಯಾರು ಸಿಕ್ಕರೂ ಆ ದಂಪತಿಯ ಮಕ್ಕಳು ಮೊಮ್ಮಕ್ಕಳ ಆರೋಗ್ಯ ವಿಚಾರಿಸುತ್ತಾಳೆ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ ಎಂದರೆ ಅವಳ ಮುಖದಲ್ಲಿ ಕೊಂಚ ನಿರಾಶೆ ಕಾಣುತ್ತದೆ.

ಆಮೇಲೆ ಗಂಡು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಅತ್ಯಾ ಒಂದು ಸಂಶೋಧನಾ ಕೇಂದ್ರ ಸೇರಿದಳು, ಅಲ್ಲಿ ಕುಸುಬೆಯ ಕೈ ಹಿಡಿದಳು. ಕೈ ಹಿಡಿಯುವುದೆಂದರೆ ಸುಮ್ಮನಲ್ಲ. ಕುಸುಬೆಯ ಎಣ್ಣೆ ತಿಂದವರಿಗೆ ಕುಸುಬೆಯ ಮುಳ್ಳು ಗೊತ್ತಿರಲಾರದು. ಎಲೆಯ ಅಂಚಿಗೆಲ್ಲ ಮುಳ್ಳು, ಹೂವಿನ ಬುಡಕ್ಕೆಲ್ಲ ಮುಳ್ಳು, ಒಣಗಿದ ಮೇಲಂತೂ ಸೂಜಿ. ಸುಗ್ಗಿಗೆ ಹೆಂಗಸರು ನಸುಕಿನ ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವಾಗಲೇ ಹೊಲಕ್ಕೆ ಹೋಗಿ, ಕೈಗೆ ಕಾಲಿಗೆ ಹಳೆಯ ಬಟ್ಟೆ ಸುತ್ತಿಕೊಂಡು ಗಿಡ ಕೀಳುತ್ತಾರೆ. ಆದರೂ ಬೆರಳ ಸಂದಿಯಲ್ಲಿ ಮುರಿದುಕೊಂಡ ಮುಳ್ಳು ಸಂಜೆ ರೊಟ್ಟಿ ಬಡಿಯುವಾಗ ಹಿಟ್ಟಿನ ಬಿಸಿಗೆ ಉರಿಯುತ್ತದೆ. ಅತ್ಯಾ ಮುಳ್ಳಿಲ್ಲದ ಕುಸುಬೆ ಮಾಡುತ್ತೇನೆಂದು ಹೊರಟಳು. ಕೇಂದ್ರದಲ್ಲಿದ್ದ ಗಂಡಸರು ಎಣ್ಣೆ ಹೆಚ್ಚು ಕೊಡುವ ತಳಿ, ಕಾಳು ಹೆಚ್ಚು ಕೊಡುವ ತಳಿ ಎಂದು ಓಡಾಡುತ್ತಿದ್ದರು. ಮುಳ್ಳು ಚುಚ್ಚುತ್ತದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅವರು ಹೊಲವನ್ನು ಬದುವಿನ ಮೇಲೆ ನಿಂತು ನೋಡುವವರು.

ಹೂವು ಬಿಡುವ ಕಾಲಕ್ಕೆ ಅವಳ ಹೊಲದಲ್ಲಿ ಗಿಡಗಿಡಕ್ಕೂ ಕಾಗದದ ಚೀಲ. ದೂರದಿಂದ ನೋಡಿದರೆ ಬಿಳಿ ಟೊಪ್ಪಿಗೆ ಹಾಕಿಕೊಂಡ ಸಾವಿರ ಮಂದಿ ಯಾವುದೋ ಸಭೆಗೆ ಕೂತ ಹಾಗೆ. ಸುತ್ತಲಿನ ಊರವರು ಅವಳಿಗೆ 'ಟೊಪಗಿ ಬಾಯಾರು', ಅಂದರೆ ಟೊಪ್ಪಿಗೆಯ ಅಮ್ಮನವರು, ಎಂದು ಹೆಸರಿಟ್ಟರು. ಈ ಬಾಯಾರು ಗಿಡಗಳಿಗೆ ಮಾಟ ಮಾಡುತ್ತಾರೆ ಎಂದು ಕೆಲವರು, ಗಿಡಗಳಿಗೆ ನೆಗಡಿಯಾಗದಂತೆ ನೋಡಿಕೊಳ್ಳುತ್ತಾರೆ ಎಂದು ಕೆಲವರು. ಎರಡನೆಯವರು ಸತ್ಯಕ್ಕೆ ಸ್ವಲ್ಪ ಹತ್ತಿರದಲ್ಲಿದ್ದರು.

ಕೆಲಸ ನಿಧಾನ. ನಮ್ಮ ಮುಳ್ಳಿನ ಗಿಡಕ್ಕೂ ಎಲ್ಲಿಂದಲೋ ತರಿಸಿದ, ಇಲ್ಲಿ ಸರಿಯಾಗಿ ಕಾಳು ಕಟ್ಟದ ಮುಳ್ಳಿಲ್ಲದ ಗಿಡಕ್ಕೂ ಮದುವೆ ಮಾಡಿದರೆ ಹುಟ್ಟುವ ಮಕ್ಕಳೆಲ್ಲ ಮುಳ್ಳಿನವೇ. ಮೃದು ಸ್ವಭಾವ ಮೊಮ್ಮಕ್ಕಳ ಕಾಲಕ್ಕೆ ಎಲ್ಲೋ ಅಷ್ಟಿಷ್ಟು ತಲೆ ಹಾಕುತ್ತದೆ. ಇದನ್ನು ಅತ್ಯಾ ನನಗೆ ವಿವರಿಸಿದಾಗ, ನಮ್ಮ ಮನೆತನದಲ್ಲೂ ಹಾಗೆಯೇ ಅಲ್ಲವೇ ಎಂದೆ. ಅವಳು ಗಂಭೀರವಾಗಿ, ನಮ್ಮಲ್ಲಿ ಮೊಮ್ಮಕ್ಕಳೂ ಭರವಸೆ ಮೂಡಿಸಿಲ್ಲ ಎಂದಳು. ಆ ಮನೆತನದ ಮೊಮ್ಮಗಳು ನಾನು.

ಹೀಗೆ ವರ್ಷಕ್ಕೊಂದು ಸುಗ್ಗಿಯಂತೆ ಅವಳ ಹರೆಯವೆಲ್ಲ ಹೋಯಿತು, ಕುಸುಬೆಯ ಮುಳ್ಳೂ ಹೋಯಿತು. ಕೊನೆಗೆ ಬರಿಗೈಯಲ್ಲಿ ಅಪ್ಪಿಕೊಳ್ಳಬಹುದಾದ ಕುಸುಬೆ ಬಂತು. ನಿಜವಾಗಿಯೂ ಅಪ್ಪಿಕೊಂಡದ್ದು ಕೇಂದ್ರದ ಮುಖ್ಯಸ್ಥರು. ಪತ್ರಿಕೆಯಲ್ಲಿ ಅವರ ಚಿತ್ರ ಬಂತು: ಎರಡು ತೋಳಿನಲ್ಲಿ ಕುಸುಬೆಯ ಹೊರೆ, ಕೆನ್ನೆಗೆ ಎಲೆ ಒತ್ತಿಕೊಂಡು ನಗು. ಚಿತ್ರದ ಎಡ ಅಂಚಿನಲ್ಲಿ ಒಂದು ಮೊಣಕೈ, ಒಂದಿಷ್ಟು ಸೀರೆಯ ಸೆರಗು ಕಾಣುತ್ತದೆ. ಅದು ನಮ್ಮ ಅತ್ಯಾ. ನನ್ನ ಅಪ್ಪ ಆ ಪತ್ರಿಕೆಯನ್ನು ಊರೆಲ್ಲ ತೋರಿಸಿ, ಇದು ನಮ್ಮಕ್ಕನ ಮೊಣಕೈ ಎಂದು ಹೇಳಿಕೊಂಡು ಬಂದ.

ಅತ್ಯಾ ಜಗಳ ಮಾಡಲಿಲ್ಲ. ಮುಂದಿನ ವರ್ಷ ತನ್ನ ಹೊಲದ ಮೂಲೆಯ ಒಂದು ಸಾಲಿಗೆ ಮುಖ್ಯಸ್ಥರ ಹೆಸರಿನ ಗೂಟ ನೆಟ್ಟಳು, ಅಷ್ಟೆ. ಅವರು ಬಹಳ ಸಂತೋಷಪಟ್ಟು, ಒಮ್ಮೆ ಮೇಲಿನ ಅಧಿಕಾರಿಗಳನ್ನೂ ಕರೆದುಕೊಂಡು ಬಂದು ಆ ಸಾಲು ತೋರಿಸಿದರು. ಈ ತಳಿಯ ವಿಶೇಷ ಏನು ಎಂದು ಅಧಿಕಾರಿಗಳು ಕೇಳಿದರು.

"ಎತ್ತರಾ ಭಾಳ ಬೆಳೀತದ್ರಿ. ಕಾಳು ಕಟ್ಟೂದಿಲ್ಲ" ಎಂದಳು ಅತ್ಯಾ.

ಹೊಸ ಬೀಜವನ್ನು ಮೊದಲು ತೆಗೆದುಕೊಂಡವರು ದೊಡವಾಡದ ಕಡೆಯ ಕೆಲವು ರೈತರು. ಅತ್ಯಾ ತಾನೇ ಹೋಗಿ ಹಂಚಿ ಬಂದಿದ್ದಳು. ಹೂವು ಬಿಡುವ ಮುಂಚೆಯೇ ಅವರಲ್ಲಿ ಒಬ್ಬರು, ಹಿರಿಯರು, ಪೇಟಾ ಸುತ್ತಿಕೊಂಡು ನೇರವಾಗಿ ಮನೆಗೇ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ, ಕುರ್ಚಿ ಕೊಟ್ಟರೆ ಕೂಡಲಿಲ್ಲ.

"ಬಾಯಾರ, ನೀವು ಕುಸುಬಿ ಮುಳ್ಳ ತಗದೀರಿ, ಖರೇ ಐತಿ. ಅದರ ಕೂಡ ನಮ್ಮ ಬೇಲಿನೂ ತಗದ್ರಿ" ಎಂದರು.

ಆಗ ಹೊಳೆಯಿತು ನೋಡಿ ಎಲ್ಲರಿಗೂ. ಈ ಸೀಮೆಯಲ್ಲಿ ಕುಸುಬೆಯನ್ನು ಜೋಳದ ಹೊಲದ ನಾಲ್ಕೂ ಕಡೆ ಅಂಚಿಗೆ ಬಿತ್ತುವುದು ವಾಡಿಕೆ. ಎಣ್ಣೆಗೆ ಎಣ್ಣೆಯೂ ಆಯಿತು, ದನ ಒಳಗೆ ಬಾರದಂತೆ ಮುಳ್ಳುಬೇಲಿಯೂ ಆಯಿತು. ಇದು ಅತ್ಯಾಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮನೋಳಿಯಲ್ಲಿ ಹುಟ್ಟಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ! ಆದರೆ ಅಷ್ಟು ವರ್ಷ ಗಿಡದ ಎಲೆಯ ಅಂಚನ್ನೇ ನೋಡಿ ನೋಡಿ, ಹೊಲದ ಅಂಚನ್ನು ಮರೆತಿದ್ದಳು. ದೊಡವಾಡದ ದನಗಳು ಮರೆತಿರಲಿಲ್ಲ.

ಅತ್ಯಾ ಆ ಹಿರಿಯರ ಜೊತೆಗೇ ಬಸ್ಸು ಹತ್ತಿ ಹೋದಳು. ಹೊಲದಲ್ಲಿ ಬೇಲಿ ಇರಲಿಲ್ಲ. ಬೇಲಿಯನ್ನು ತಿಂದು ಮುಗಿಸಿದ ಎಮ್ಮೆಗಳು ಒಳಗೆ ಜೋಳದಲ್ಲಿ ನಿಂತಿದ್ದವು. ಒಂದು ಎಮ್ಮೆ ಮಾತ್ರ ಉಳಿದ ಒಂದಿಷ್ಟು ಕುಸುಬೆಯನ್ನು, ಊಟ ಮುಗಿದ ಮೇಲೆ ಎಲೆಯಡಿಕೆ ಮೆಲ್ಲುವವರ ಹಾಗೆ, ಕಣ್ಣು ಮುಚ್ಚಿ ಮೆಲ್ಲುತ್ತಿತ್ತು. ಅಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಕೈ ಮುಗಿದು ತಪ್ಪಾಯಿತು ಎನ್ನುತ್ತಿದ್ದರು. ಅತ್ಯಾ ಆ ಎಮ್ಮೆಯ ಹತ್ತಿರ ಹೋಗಿ, ಅದರ ತುಟಿ ಎತ್ತಿ, ವಸಡು ನೋಡಿ, ಎಲ್ಲೂ ಒಂದು ಗಾಯ ಇಲ್ಲ ಎಂದು ಸಂಭ್ರಮಪಟ್ಟಳು.

"ಬಾಯಾರ, ಅದರ ಬಾಯಿ ನೋಡಬ್ಯಾಡ್ರಿ, ನಮ್ಮ ಜ್ವಾಳ ನೋಡ್ರಿ" ಎಂದರು ಹಿರಿಯರು.

ಅವಳು ನೋಡಿದಳು. ಆಮೇಲೆ ಹೊರಟು, ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಎಲ್ಲಿಗೆ ಎಂದು ಕೇಳಿದರೆ, ಆಗಷ್ಟೇ ಬಿಟ್ಟುಬಂದ ದೊಡವಾಡದ ಹೆಸರನ್ನೇ ಹೇಳಿದಳಂತೆ. ಇದನ್ನು ಹೇಳಿದವರು ಅದೇ ಬಸ್ಸಿನಲ್ಲಿದ್ದ ನಮ್ಮ ನೆರೆಯವರು. ಅತ್ಯಾ ಇದನ್ನು ಎಂದೂ ಹೇಳಿಲ್ಲ.

ಕೇಂದ್ರದಲ್ಲಿ ಆ ತಳಿಗೆ 'ಎಮ್ಮಿ ಕುಸುಬಿ' ಎಂದು ಹೆಸರು ಬಿತ್ತು. ವಿಜ್ಞಾನಿಗಳ ಸಭೆಯಲ್ಲಿ ಅವಳು ಎದ್ದು ನಿಂತರೆ ಹಿಂದಿನ ಸಾಲಿನಿಂದ ಯಾರೋ ಎಮ್ಮೆಯ ದನಿ ಹೊರಡಿಸುತ್ತಿದ್ದರು. ದೊಡ್ಡ ಪದವಿಯವರೇ, ಟೈ ಕಟ್ಟಿಕೊಂಡವರೇ! ಬೀಜ ಮಾಡುವುದನ್ನು ನಿಲ್ಲಿಸಲಾಯಿತು. ಮುಖ್ಯಸ್ಥರು ಮೇಲಿನವರಿಗೆ, ಆ ತಳಿ ಸಂಪೂರ್ಣವಾಗಿ ಈ ಬಾಯಾರದೇ, ತಮ್ಮ ಪಾಲೇನೂ ಇಲ್ಲ ಎಂದು ತಿಳಿಸಿದರು. ಗೆಲುವಿನಲ್ಲಿ ಮೊಣಕೈಯಷ್ಟೇ ಸಿಕ್ಕಿದ್ದವಳಿಗೆ ಸೋಲು ಇಡಿಯಾಗಿ ಸಿಕ್ಕಿತು.

ಸುಮ್ಮನಿದ್ದಳೇ? ಮರುವರ್ಷದಿಂದ ರವಿವಾರ ಬಂತೆಂದರೆ ಎರಡು ಚೀಲ ಹಿಡಿದು ಬಸ್ಸು ಹತ್ತತೊಡಗಿದಳು. ಒಂದರಲ್ಲಿ ಮುಳ್ಳಿನ ಕುಸುಬೆ, ಒಂದರಲ್ಲಿ ತಾನು ಉಳಿಸಿಟ್ಟುಕೊಂಡ ತನ್ನದು. ಹೊರಗಿನ ಸಾಲುಗಳಿಗೆ ಹಳೆಯದು, ಒಳಗೆ ತನ್ನದು ಎಂದು ಊರೂರಲ್ಲಿ ಹೇಳುತ್ತಾ ಹೋದಳು. ಮುಳ್ಳು ತೆಗೆಯಲೆಂದೇ ಹರೆಯ ಕಳೆದವಳು ಮುಳ್ಳಿನ ಬೀಜ ಹೊತ್ತು ತಿರುಗುವುದನ್ನು ಕಂಡು ಕೇಂದ್ರದವರು ಇನ್ನಷ್ಟು ನಕ್ಕರು. ಮೇಲಾಗಿ ಜೇನುಹುಳ ಎರಡನ್ನೂ ಬೆರೆಸಿಬಿಟ್ಟರೆ ಒಳಗಿನದಕ್ಕೂ ಮತ್ತೆ ಮುಳ್ಳು ಬರುವುದರಿಂದ, ರೈತರು ತಮ್ಮ ಬೀಜ ತಾವೇ ಉಳಿಸಿಕೊಳ್ಳುವ ಹಾಗಿಲ್ಲ. ವರ್ಷವರ್ಷವೂ ಇವಳೇ ಹೊಸ ಬೀಜ ಒಯ್ದು ಕೊಡಬೇಕು. ನವಿಲುತೀರ್ಥದ ಕಾಲುವೆ ನೀರು ಸಿಕ್ಕವರು ಕಬ್ಬು, ಗೋವಿನಜೋಳ ಹಾಕಿಕೊಂಡು ಇವಳನ್ನು ದೂರದಿಂದಲೇ ನಮಸ್ಕರಿಸಿ ಕಳಿಸಿದರು. ನೀರು ಏರದ ಮನೋಳಿ ಕಡೆಯ ಮಡ್ಡಿಯ ಎತ್ತರದ ಹೊಲಗಳವರು ಮಾತ್ರ, ಬಾಯಾರು ಇಷ್ಟು ದೂರ ಬಂದಿದ್ದಾರಲ್ಲ ಎಂಬ ದಾಕ್ಷಿಣ್ಯಕ್ಕೆ ತೆಗೆದುಕೊಂಡರು. ಅವಳಿಗೆ ಅಷ್ಟು ಸಾಕಾಯಿತು. ನಿವೃತ್ತಿಯಾದ ಮೇಲೂ ಆ ಕೆಲಸ ನಿಲ್ಲಲಿಲ್ಲ. ಪರಿಚಯದವರ ಹೊಲದಲ್ಲಿ ಒಂದು ಮೂಲೆ ಬೇಡಿ, ಅಲ್ಲಿ ಬೀಜ ಬೆಳೆಸಿಕೊಳ್ಳುತ್ತಾಳೆ.

ನಿವೃತ್ತಿಯಾದ ಮೇಲೆ ಅವಳು ಬಂದು ನೆಲೆಸಿದ್ದು ಬೈಲಹೊಂಗಲದಲ್ಲಿ, ನನ್ನ ಮನೆಯಲ್ಲಿ. ನಾನು ಇಲ್ಲಿಯ ಸಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ತಾಳ್ಮೆ ಇದೆ ಎಂದು ಎಲ್ಲರೂ ಹೇಳುತ್ತಾರೆ. ಅತ್ಯಾ ಬಂದ ಮೇಲೆ ಅದು ಎಷ್ಟಿದೆ ಎಂದು ನನಗೂ ತಿಳಿಯಿತು. ಸಂತೆಯಿಂದ ಎಣ್ಣೆಗಾಯಿ ಮಾಡಲೆಂದು ಆರಿಸಿ ತಂದ ಬದನೆಕಾಯಿಗಳಲ್ಲಿ ಚೆಲುವಾದ ಒಂದು ಯಾವಾಗಲೂ ಕಾಣೆಯಾಗುತ್ತದೆ. ಹುಡುಕಿದರೆ ಮಾಳಿಗೆಯ ಮೇಲೆ ಹಳದಿಯಾಗಿ ಕೊಳೆಯುತ್ತಾ, ಬೀಜಕ್ಕೆ ಕೂತಿರುತ್ತದೆ. ಒಂದು ಬೆಳಿಗ್ಗೆ ಪಕ್ಕದ ಮನೆಯ ಹಿರಿಯಾಕೆ, ನಾವು ಕಾಕು ಎಂದು ಕರೆಯುವವರು, ದೇವರಿಗೆ ಹೂವು ಕೊಯ್ಯಲು ಹೋದರೆ ಅವರ ದಾಸವಾಳದ ಗಿಡದಲ್ಲಿ ಮೊಗ್ಗುಮೊಗ್ಗಿಗೂ ಕಾಗದದ ಟೊಪ್ಪಿಗೆ! ಹೂವಿನ ಬುಟ್ಟಿ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು. ಅತ್ಯಾ ಶಾಂತವಾಗಿ ಕೇಳಿಸಿಕೊಂಡು, "ದೇವರಿಗೆ ಇವತ್ತ ತುಳಸಿ ಏರಸ್ರಿ. ಅವಕ್ಕ ನಾಳೆ ಲಗ್ನ ಅದ" ಎಂದಳು. ಕಾಕು ಒಂದು ವಾರ ನಮ್ಮೊಂದಿಗೆ ಮಾತು ಬಿಟ್ಟರು. ಆಮೇಲೆ ಹುಟ್ಟಿದ ಸಸಿಯಲ್ಲಿ ಕುಂಕುಮ ಕಲಸಿದ ಹಾಲಿನ ಬಣ್ಣದ ಹೂವು ಬಿಟ್ಟಾಗ, ಅದು ತಮ್ಮ ಗಿಡದ ಮಗಳೆಂದು ಊರೆಲ್ಲ ಹೇಳಿಕೊಂಡು ಬಂದವರೂ ಅವರೇ.

ಕಳೆದ ವರ್ಷ ಕಿತ್ತೂರಿನಲ್ಲಿ ಯಾವುದೋ ಸಂಘದವರು ಅತ್ಯಾನನ್ನು ಸನ್ಮಾನಕ್ಕೆ ಕರೆದರು. ಬರುವುದಿಲ್ಲ ಎಂದಳು, ಹೂವಿನ ಕಾಲವಲ್ಲವಲ್ಲ ಎಂದು ನಾನು ಎಳೆದುಕೊಂಡು ಹೋದೆ. ಪರಿಚಯ ಮಾಡಿಕೊಟ್ಟವರು ಅವಳನ್ನು 'ಸೂರ್ಯಕಾಂತಿಯ ತಾಯಿ' ಎಂದರು. ಅತ್ಯಾ ಕೂತಲ್ಲಿಂದಲೇ, ಕುಸುಬಿ ಎಂದಳು. ಅವರು ತಲೆಯಾಡಿಸಿ, ಹೌದು, ಸೂರ್ಯಕಾಂತಿ, ಎಂದು ಮುಂದುವರಿಸಿದರು. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯಲ್ಲಿ ದ್ರಾಕ್ಷಿ ಇತ್ತು. ಅತ್ಯಾ ಮೈಕಿನ ಮುಂದೆ ನಿಂತು ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು ಕಚ್ಚಿ ನೋಡಿ, ಬೀಜಕ್ಕಾಗಿ ಬಾಳುವೆ ಸವೆಸಿದವಳಿಗೆ ಬೀಜವಿಲ್ಲದ ಹಣ್ಣು ಕೊಟ್ಟು ಗೌರವಿಸಿದ್ದೀರಿ ಎಂದಳು. ಸಭೆ ಚಪ್ಪಾಳೆ ತಟ್ಟಿತು. ಹೊಗಳಿಕೆ ಎಂದೇ ತಿಳಿದಿರಬೇಕು. ಆಮೇಲೆ, ತನ್ನ ತಳಿಯಿಂದ ಹೆಚ್ಚು ಲಾಭ ಪಡೆದದ್ದು ದೊಡವಾಡದ ಎಮ್ಮೆಗಳು, ಮುಂದಿನ ಸಲ ಅವುಗಳಿಗೂ ಒಂದೊಂದು ಶಾಲು ಹೊದಿಸಬೇಕು ಎಂದು ಹೇಳಿ ಕೆಳಗಿಳಿದಳು. ಸಂಘದವರು ಮತ್ತೆ ನಮ್ಮನ್ನು ಕರೆದಿಲ್ಲ.

ಈ ಸಲ ಸುಗ್ಗಿಯ ಹೊತ್ತಿಗೆ ಅವಳಿಗೆ ಮೊಣಕಾಲು ನೋವು ಜೋರಾಗಿತ್ತು. ಆದರೂ ಮನೋಳಿಯ ಹೊಲ ನೋಡಲೇಬೇಕೆಂದು ಹಟ. ಸಾಲೆಗೆ ರಜೆ ಹಾಕಿ ಕರೆದುಕೊಂಡು ಹೋದೆ. ಮಡ್ಡಿಯ ಮೇಲೆ ಆಟೋ ಇಳಿದಾಗ ಹೊತ್ತು ಚೆನ್ನಾಗಿ ಏರಿತ್ತು. ಆ ಬಿಸಿಲಿನಲ್ಲೂ ಹೆಂಗಸರ ಗುಂಪೊಂದು ನಗುತ್ತಾ ಮಾತಾಡುತ್ತಾ ಬರಿಗೈಯಲ್ಲೇ ಒಣಗಿದ ಕುಸುಬೆ ಕೀಳುತ್ತಿತ್ತು. ಹೊಲದವರು ಊರೊಳಗೆ ಹೋಗಿದ್ದರು. ಕೀಳುವ ಹೆಂಗಸರಿಗೆ ನಾವು ಯಾರೆಂದು ಗೊತ್ತಿಲ್ಲ. ಅತ್ಯಾ ಹೇಳಲಿಲ್ಲ, ಹೇಳಲು ಬಾಯಿ ತೆರೆದ ನನ್ನನ್ನೂ ಕಣ್ಣಲ್ಲೇ ತಡೆದಳು.

ಬೇವಿನ ನೆರಳಲ್ಲಿ ಒಬ್ಬ ಎಳೆಯ ತಾಯಿ ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ಆಗಷ್ಟೇ ಸಾಲು ಬಿಟ್ಟು ಬಂದಿದ್ದಳು. ಕೈಯಲ್ಲಿ ಇನ್ನೂ ಕುಸುಬೆಯ ದೂಳು. ಅತ್ಯಾ ನನ್ನ ಭುಜ ಹಿಡಿದು, ನೋವು ನುಂಗಿಕೊಂಡು ನೆಲಕ್ಕೆ ಕೂತಳು.

"ನಿನ್ನ ಕೈ ತೋರಸು, ತಂಗಿ."

ಕಣಿ ಹೇಳುವ ಅಜ್ಜಿ ಇರಬೇಕೆಂದು ಅವಳಿಗೆ ಅನ್ನಿಸಿತೇನೋ. ಕೈಯನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು. ಮನೆಯಲ್ಲಿ ಹೇಳಿ ನಗಿಸಲು ಇನ್ನೊಂದು ಕಥೆ ಸಿಕ್ಕಿತು ಎಂದು ನಾನು ಆಗಲೇ ಒಳಗೊಳಗೇ ಸಾಲು ಹೆಣೆಯತೊಡಗಿದ್ದೆ. ಅತ್ಯಾ ಕನ್ನಡಕ ಏರಿಸಿ ಆ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಂದಿಗಳನ್ನು ನೋಡಿದಳು. ಮಣಿಕಟ್ಟನ್ನು ತಿರುಗಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ನೋಡಿದಳು.

"ಏನ್ ಕಾಣಸಾಕ ಹತ್ತೇತ್ರಿ, ಅಜ್ಜಿ?"

"ಏನೂ ಇಲ್ಲ" ಎಂದಳು ಅತ್ಯಾ.

"ಏನೂ ಇಲ್ಲಂದ್ರ ಹೆಂಗ್ರಿ? ಛಲೋ ಐತೋ, ಕೆಟ್ಟ ಐತೋ?"

ಅತ್ಯಾ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಛೊಲೊ ಅದ, ತಂಗಿ. ಭಾಳ ಛೊಲೊ ಅದ. ಆ ಕೈನೂ ಕೊಡು" ಎಂದಳು.

ಆ ಕೈಯಲ್ಲಿ ಕೂಸಿತ್ತು. ನಾನು ಬಾಗಿ ಕೂಸನ್ನು ಎತ್ತಿಕೊಂಡೆ.